ಹೋಲ್ಡಾನ್ ಎನ್ನದ ಕಂಡಕ್ಟರ್

ನಮ್ಮ ಚಲಪತಿ ಬೆಳಿಗ್ಗೆ ಆರಕ್ಕೆ ಗೌನಿಪಲ್ಲಿಯಲ್ಲಿ ಬಸ್ಸು ಹತ್ತಿದರೆ ಕೋಲಾರಕ್ಕೆ ಹೋಗಿ ತಿರುಗಿ ಬರುವವರೆಗೆ ಒಂದು ಸಲವೂ ಉಚ್ಚೆಗೆ ಹೋಗುತ್ತಿರಲಿಲ್ಲ. ಇದು ಅವನಿಗೆ ದೊಡ್ಡ ಹೆಮ್ಮೆ. ಬೇರೆಯವರು ತೋಟದ ಫಸಲು, ಮಕ್ಕಳ ಮಾರ್ಕು ಹೇಳಿಕೊಂಡರೆ ಇವನು ಇದನ್ನು ಹೇಳಿಕೊಳ್ಳುತ್ತಿದ್ದ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಬಾಷಾ ಇಳಿದು ಗೋಡೆಯ ಕಡೆ ಓಡಿದರೆ, ಇವನು ಬಾಗಿಲಲ್ಲಿ ನಿಂತು ಬೀಡಿ ಹಚ್ಚಿ, "ಏನ್ ಬಾಷಾ ಭಾಯ್, ನಿಮ್ದು ಟ್ಯಾಂಕಾ, ತೂತು ಬಿಂದಿಗೆನಾ?" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ.

ಚಲಪತಿ ನನ್ನ ಗಂಡನ ತಮ್ಮ. ಮದುವೆಯಾದ ಮೂರನೇ ವರ್ಷ ಹೆಂಡತಿ ಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ಮತ್ತೆ ಮದುವೆ ಬೇಡ ಎಂದ. ನಮ್ಮ ಮನೆಯಲ್ಲೇ ಊಟ, ನಮ್ಮ ಜಗಲಿಯಲ್ಲೇ ನಿದ್ದೆ. ನಮ್ಮ ಕಡೆ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಎರಡೂ ಕಲಸಿ ಹೋಗಿರುತ್ತದೆ. ಅತ್ತಿಗೆಯಾದ ನನ್ನನ್ನು ಅವನು ‘ವದಿನಾ’ ಎಂದೇ ಕರೆಯುತ್ತಿದ್ದ.

ಆಳು ನುಗ್ಗೆಕಾಯಿ. ಖಾಸಗಿ ಬಸ್ಸು ಎಂದರೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕೂರುವವರು ಐವತ್ತು, ನಿಲ್ಲುವವರು ಅದಕ್ಕಿಂತ ಹೆಚ್ಚು, ಮಾವಿನ ಕಾಲದಲ್ಲಿ ಕಾಲಡಿಗೂ ಬುಟ್ಟಿ. ಆ ಗುಂಪಿನೊಳಗೆ ಅವನು ಸೂಜಿಯ ಹಾಗೆ ಹಿಂದಿನ ಬಾಗಿಲಲ್ಲಿ ಹೊಕ್ಕು ಮುಂದಿನ ಬಾಗಿಲಲ್ಲಿ ಹೊರಬರುತ್ತಿದ್ದ. ಸೊಂಟದ ಹತ್ತಿರ ಚರ್ಮದ ಚೀಲ, ಕಿವಿಯ ಹಿಂದೆ ಕಾಪಿಂಗ್ ಪೆನ್ಸಿಲು. ಒಣಗಿದ್ದಾಗ ಕಪ್ಪಗೆ ಬರೆದು ಒದ್ದೆಯಾದರೆ ನೇರಳೆಗೆ ತಿರುಗುವ ಆ ಪೆನ್ಸಿಲನ್ನು ಅವನು ಟಿಕೆಟ್ಟು ಬರೆಯುವ ಮುಂಚೆ ಒಮ್ಮೆ ನಾಲಗೆಗೆ ಮುಟ್ಟಿಸುತ್ತಿದ್ದ. ಹಾಗಾಗಿ ಯಾವಾಗ ನೋಡಿದರೂ ಕೆಳತುಟಿ ನೇರಳೆಹಣ್ಣು ತಿಂದವನ ತುಟಿ.

ನನಗೆ ಅಕ್ಷರ ಕಲಿಸಿದವನು ಅವನೇ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೂವಿನ ಬುಟ್ಟಿ ಇಟ್ಟುಕೊಂಡು ದಿನಾ ಕೋಲಾರಕ್ಕೆ ಹೋಗುತ್ತಿದ್ದವಳು. ಒಂದು ಸಲ ಬೋರ್ಡು ತಿಳಿಯದೆ ಬೇರೆ ಬಸ್ಸು ಹತ್ತಿ ಮಾಲೂರಿಗೆ ಹೋಗಿ ಇಳಿದೆ. ಅವತ್ತು ಅವನು ನಕ್ಕಿದ್ದು ಅಷ್ಟಿಷ್ಟಲ್ಲ. ಮಾರನೆಯ ದಿನದಿಂದ ಬಸ್ಸಿನ ಮುಂದೆ ನಿಲ್ಲಿಸಿ, "ಇದನ್ನ ಓದು ವದಿನಾ, ಓದಿದ್ರೇನೇ ಹತ್ತಿಸ್ಕೊಳ್ಳೋದು" ಎನ್ನುತ್ತಿದ್ದ. ಕೋಲಾರ ಬೇಗ ಬಂತು. ಗೌನಿಪಲ್ಲಿಯ ‘ಗೌ’ ಬರುವುದಕ್ಕೆ ಒಂದು ತಿಂಗಳಾಯಿತು. ಈಗ ಇಷ್ಟು ಬರೆಯುತ್ತಿದ್ದೇನೆಂದರೆ ಅದು ಆ ಬೋರ್ಡಿನ ಅಕ್ಷರವೇ.

ಒಳ್ಳೆಯವನು ಎಂದು ಹೇಳಿ ಮುಗಿಸಬಹುದು. ಆದರೆ ಅವನಲ್ಲಿ ಒಂದು ಕೆಟ್ಟ ಹಟ ಇತ್ತು. ಬಸ್ಸು ಹೊರಡಲು ‘ರೈಟ್’, ನಿಲ್ಲಲು ‘ಹೋಲ್ಡಾನ್’, ಇವೆರಡು ಮಾತು ಕಂಡಕ್ಟರನದು. ಉಚ್ಚೆಗೆಂದು ಯಾರು ಕೇಳಿದರೂ ಅವನ ಬಾಯಲ್ಲಿ ಹೋಲ್ಡಾನ್ ಬರುತ್ತಿರಲಿಲ್ಲ. ಗಂಡಸರು ಹೇಗೋ ಬಾಷಾನ ಹತ್ತಿರ ಮಾತಾಡಿ ಎಲ್ಲೋ ಒಂದು ಕಡೆ ಇಳಿದುಬಿಡುತ್ತಿದ್ದರು. ಹೆಂಗಸರ ಪಾಡು ಬೇರೆ. ನಾವು ಬೆಳಿಗ್ಗೆಯಿಂದ ನೀರು ಮುಟ್ಟದೆ ಬಸ್ಸು ಹತ್ತುತ್ತಿದ್ದೆವು. ಒಂದು ದಿನ ನನಗೆ ಶ್ರೀನಿವಾಸಪುರ ದಾಟುತ್ತಿದ್ದಂತೆ ತಡೆಯಲಾಗಲಿಲ್ಲ.

"ಚಲಪತಿ, ಒಂದು ನಿಮಿಷ ನಿಲ್ಸೋ."

"ಆಯ್ತು ವದಿನಾ, ಇನ್ನೇನು ಬಂತು ಕೋಲಾರ."

ನಾಲ್ಕು ಸಲ ಕೇಳಿದೆ. ನಾಲ್ಕನೇ ಸಲ ಅವನು ಜನರ ಕಡೆ ತಿರುಗಿ, "ನಮ್ಮತ್ಗೆ ಟ್ಯಾಂಕೂ ಸಣ್ಣದೇ ಕಣ್ರಪ್ಪಾ! ರೈಟ್ ರೈಟ್!" ಎಂದ. ಎಲ್ಲರೂ ನಕ್ಕರು. ಕೋಲಾರ ಬರುವ ಹೊತ್ತಿಗೆ ನನ್ನ ಸೀರೆ ಒದ್ದೆಯಾಗಿತ್ತು. ಹೂವಿಗೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಮೈಮೇಲೆ ಹಿಂಡಿಕೊಂಡು, ಬುಟ್ಟಿಯ ನೀರು ಚೆಲ್ಲಿತು ಎಂದು ಹೇಳಿ ಇಳಿದೆ. ಅವನೂ ನಂಬಿದ. ಅವತ್ತಿನ ಕನಕಾಂಬರ ಅಷ್ಟನ್ನೂ ಬಾಡಿಸಿಕೊಂಡೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ನಮ್ಮೂರಿಗೆ ಎಸ್‌ಟಿಡಿ ಬೂತು ಬಂದ ವರ್ಷದ ಚಳಿಗಾಲದಲ್ಲಿ ಅವನ ಖಾಕಿ ಪ್ಯಾಂಟು ಒಗೆಯುವಾಗ ಕೆಂಪು ಕಲೆ ಕಂಡಿತು. ಕೇಳಿದೆ.

"ಬೀಟ್‌ರೂಟು ತಿಂದಿದ್ದೆ ವದಿನಾ, ಅದರ ಬಣ್ಣ."

"ಬೀಟ್‌ರೂಟು ನಮ್ಮನೇಲಿ ಯಾವಾಗ ಮಾಡಿದ್ದೆ ನಾನು?"

"ಹೋಟ್ಲಲ್ಲಿ..."

"ಯಾವ ಹೋಟ್ಲಲ್ಲೋ ನಿನಗೆ ಬೀಟ್‌ರೂಟು ಹಾಕಿದ್ದು? ಮುಖ ನೋಡಿ ಹೇಳು."

ಆಗ ಬಾಯಿ ಬಿಟ್ಟ. ಎರಡು ತಿಂಗಳಿಂದ ಆಗಾಗ ಉಚ್ಚೆಯಲ್ಲಿ ರಕ್ತ. ನೋವಿಲ್ಲ, ಉರಿಯಿಲ್ಲ, ಅದಕ್ಕೇ ಉಷ್ಣ ಎಂದುಕೊಂಡು ಎಳನೀರು ಕುಡಿಯುತ್ತಿದ್ದನಂತೆ. ನನ್ನ ಗಂಡ ಹೊಲ ಬಿಟ್ಟು ಕದಲುವವರಲ್ಲ. ನಾನೇ ಕಿವಿ ಹಿಡಿದು ಕೋಲಾರಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಸ್ಕ್ಯಾನ್ ಮಾಡಿದವರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಉಚ್ಚೆಯ ದಾರಿಯಿಂದಲೇ ಕೊಳವೆ ಬಿಟ್ಟು, ಉಚ್ಚೆಚೀಲದ ಒಳಗಿದ್ದ ಗಡ್ಡೆಯನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ತಡೆದು ತಡೆದೇ ಬಂದಿರಬೇಕು ಎಂದು ನಾನು ಅಂದೆ. ಅಲ್ಲಿದ್ದ ಡಾಕ್ಟರು ನನ್ನ ಮಾತು ಅಲ್ಲಿಗೇ ನಿಲ್ಲಿಸಿ, "ಬೀಡಿ ಎಷ್ಟು ವರ್ಷದಿಂದ?" ಎಂದು ಅವನನ್ನು ಕೇಳಿದರು.

ಆಪರೇಷನ್ ಮಾಡುವ ಡಾಕ್ಟರು ಹೇಳಿದ್ದು ನೇರ. ಉಚ್ಚೆಚೀಲವನ್ನು ಪೂರ್ತಿ ತೆಗೆಯುವುದು, ಹೊಟ್ಟೆಯ ಪಕ್ಕ ದಾರಿ ಮಾಡುವುದು, ಹೊರಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸುವುದು. ಹಾಗೆ ಮಾಡಿಸಿಕೊಂಡು ಬಹಳ ಜನ ಚೆನ್ನಾಗಿದ್ದಾರೆ ಎಂದರು. ಚಲಪತಿ ಕೈಮುಗಿದ.

"ಸಾರ್, ಮಾವಿನ ಕಾಲದಲ್ಲಿ ಒಂದು ದಿವಸ ನಮ್ಮ ಬಸ್ಸಿಗೆ ಬನ್ನಿ. ಈ ಬಾಗಿಲಿಂದ ಆ ಬಾಗಿಲಿಗೆ ಹೋಗೋಷ್ಟ್ರಲ್ಲಿ ಶರ್ಟಿನ ಗುಂಡಿ ಉಳಿಯಲ್ಲ. ನಿಮ್ಮ ಚೀಲ ಉಳಿಯುತ್ತಾ? ಆಮೇಲೆ ನಾನೇನ್ ಮಾಡ್ಲಿ, ಬಸ್ಸು ಬಿಟ್ಟು ಜಗಲಿ ಮೇಲೆ ಕೂತ್ಕೊಳ್ಳಾ?"

ಅವರು ನಗಲಿಲ್ಲ, ಬೈಯಲೂ ಇಲ್ಲ. ಕರೆಂಟು ಕೊಡುವ, ಅಂದರೆ ರೇಡಿಯೇಷನ್ ವಿಭಾಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಕಾಗದವನ್ನೆಲ್ಲ ನೋಡಿ, ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಗಡ್ಡೆ ಒಂದೇ ಕಡೆ ಇತ್ತು. ಗೋಡೆಗೆ ಇಳಿದಿದೆ, ಗೋಡೆ ದಾಟಿಲ್ಲ. ಕಣ್ಣಿಗೆ ಕಂಡಿದ್ದನ್ನೆಲ್ಲ ಕೆರೆದು ತೆಗೆದಿದ್ದಾರೆ. ಕಿಡ್ನಿ ಚೆನ್ನಾಗಿದೆ. ಅದಕ್ಕೇ ನಿಮಗೆ ಇನ್ನೊಂದು ದಾರಿ ಹೇಳ್ತಿದ್ದೀನಿ, ಎಲ್ಲರಿಗೂ ಹೇಳೋದಿಲ್ಲ. ವಾರಕ್ಕೆ ಐದು ದಿನ ಕರೆಂಟು, ಅದರ ಜೊತೆಗೇ ಔಷಧಿ ಬಾಟಲು. ಔಷಧಿ ಸೇರಿದ್ರೆ ಕರೆಂಟಿನ ಕೆಲಸಕ್ಕೆ ಬಲ ಬರುತ್ತೆ. ಅರ್ಧ ದಾರೀಲಿ ಒಳಗೆ ಕ್ಯಾಮೆರಾ ಬಿಟ್ಟು ನೋಡ್ತೀವಿ. ಅವಾಗ ಸಾಸಿವೆಯಷ್ಟು ಉಳಿದಿದ್ರೂ ಚೀಲ ತೆಗೀಲೇಬೇಕು, ಅಳಬಾರದು. ಏನೂ ಇಲ್ಲದಿದ್ರೆ ಮುಂದುವರಿಸ್ತೀವಿ. ಆಮೇಲೂ ಬಿಡದೆ ಬಂದು ತೋರಿಸ್ಕೋಬೇಕು. ಒಪ್ಪಿಗೇನಾ?"

"ಗೊತ್ತಾಯ್ತು ತಾಯಿ," ಎಂದ ಚಲಪತಿ. "ಶ್ರೀನಿವಾಸಪುರದಲ್ಲಿ ಚೆಕಿಂಗ್ ಇದೆ ಅನ್ನಿ. ಅಲ್ಲಿ ಪಾಸಾದ್ರೆ ಕೋಲಾರದವರೆಗೂ ಬಿಡ್ತೀರಿ."

ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಸೋಮವಾರದಿಂದ ಶುಕ್ರವಾರ ಇದ್ದು, ಶನಿವಾರ ಭಾನುವಾರ ಊರಿಗೆ ಬರುವುದೆಂದಾಯಿತು. ಮೊದಲು ಒಂದು ದಿನವೆಲ್ಲ ಅಳತೆ ಮಾಡಿ ಅವನ ಕಿಬ್ಬೊಟ್ಟೆಯ ಮೇಲೆ, ಎರಡೂ ಪಕ್ಕೆಗೆ ನೇರಳೆ ಬಣ್ಣದಲ್ಲಿ ಗೀಟು ಎಳೆದರು. ಆ ಗೀಟು ನೋಡಿಕೊಂಡೇ ದಿನಾ ಕರೆಂಟು ಬಿಡುವುದು. ನೀರು ಸೋಕಿಸಬೇಡಿ, ಸೋಪು ಹಚ್ಚಬೇಡಿ ಎಂದು ಅವನಿಗೆ ಹೇಳಿ ಕಳಿಸಿದರು.

ಒಳಗೆ ಹೋಗುವ ಮುಂಚೆ ಉಚ್ಚೆ ಮಾಡಿ ಬರಬೇಕೆಂಬುದು ಅಲ್ಲಿನ ನಿಯಮ. ಹೊಟ್ಟೆ ಖಾಲಿಯಿರುವ ಹಾಗೆ ಉಚ್ಚೆಚೀಲವೂ ಖಾಲಿಯಿರಬೇಕಂತೆ. ಜೀವಮಾನವೆಲ್ಲ ಹಿಡಿದಿಟ್ಟುಕೊಂಡವನಿಗೆ ಹೇಳಿದಾಗ ಬಿಡುವುದು ಬರಲಿಲ್ಲ. ಕಕ್ಕಸ್ಸಿನಲ್ಲಿ ನಿಂತೇ ಇರುತ್ತಿದ್ದ. ಹೊರಗೆ ಸಾಲಿನಲ್ಲಿದ್ದ ಒಬ್ಬರು, ಇವನು ಕಂಡಕ್ಟರೆಂದು ತಿಳಿದವರು, ಬಾಗಿಲು ತಟ್ಟಿ, "ಏನ್ರೀ, ನಾವ್ಯಾರಾದ್ರೂ ರೈಟ್ ಅನ್ಬೇಕೇನ್ರೀ?" ಎಂದರು. ಕಾಯಿಲೆಯವರೆಲ್ಲ ನಕ್ಕ ನಗು ಆ ಹಜಾರದಲ್ಲಿ ಮೊದಲ ಸಲ ಕೇಳಿದ್ದು.

ಮೊದಲ ವಾರ ಕಳೆದು ಶನಿವಾರ ಮನೆಗೆ ಬಂದೆವು. ಇನ್ನು ನನ್ನ ತಪ್ಪು ಬರೆಯಬೇಕು. ಕರೆಂಟು ಕೊಟ್ಟರೆ ಮೈಗೆ ಉಷ್ಣ ಏರುತ್ತದೆ ಎಂಬುದು ನನ್ನ ಲೆಕ್ಕ. ಉಷ್ಣಕ್ಕೆ ನಮ್ಮ ಮನೆಯಲ್ಲಿ ಹರಳೆಣ್ಣೆ ಬಿಟ್ಟು ಬೇರೆ ಮದ್ದಿಲ್ಲ. ನೆತ್ತಿಗೆ, ಅಂಗಾಲಿಗೆ, ಹೊಕ್ಕುಳಿಗೆ. ಶನಿವಾರ ಗಂಡಸರ ಎಣ್ಣೆ ಸ್ನಾನವೂ ಹೌದು. ಚಡ್ಡಿಯಲ್ಲಿ ಮಣೆಯ ಮೇಲೆ ಕೂರಿಸಿ ತಲೆಗೆ ತಟ್ಟಿ, ಹೊಕ್ಕುಳಿನ ಸುತ್ತ ಧಾರಾಳವಾಗಿ ಹಚ್ಚಿದೆ.

"ವದಿನಾ, ಅಲ್ಲಿ ಮುಟ್ಟಬೇಡ ಅಂದವ್ರೆ."

"ಅಂದೋರು ನಿನ್ನ ಉಷ್ಣ ಇಳಿಸ್ತಾರಾ? ಕಣ್ಮುಚ್ಚು, ಸೀಗೆಕಾಯಿ ಬೀಳುತ್ತೆ."

ಕಣ್ಣು ಮುಚ್ಚಿದ. ಜಿಡ್ಡು ಹೋಗಲಿ ಎಂದು ಹೊಟ್ಟೆ, ಪಕ್ಕೆ ಎಲ್ಲ ಉಜ್ಜಿದೆ. ಬಿಸಿನೀರು ಹೊಯ್ದಾಗ ನೇರಳೆ ನೀರು ಬಚ್ಚಲಿಗೆ ಹರಿಯಿತು. ಚಲಪತಿ ಕಣ್ಣು ತೆರೆದು ಹೊಟ್ಟೆ ನೋಡಿಕೊಂಡ.

ಭಾನುವಾರ ಮಧ್ಯಾಹ್ನ ನೋಡುತ್ತೇನೆ, ಜಗಲಿಯಲ್ಲಿ ಅಂಗಿ ಬಿಚ್ಚಿ ಕೂತು, ಕಾಪಿಂಗ್ ಪೆನ್ಸಿಲನ್ನು ನಾಲಗೆಗೆ ಮುಟ್ಟಿಸಿ ಮುಟ್ಟಿಸಿ, ಉಳಿದಿದ್ದ ಮಬ್ಬು ಗುರುತಿನ ಮೇಲೆ ಗೀಟು ಎಳೆಯುತ್ತಿದ್ದಾನೆ. ಗೀಟು ಹಿಡಿಯುವುದಕ್ಕೆ ಟಿಕೆಟ್ಟಿನ ರಟ್ಟು. ನಿಜ ಹೇಳುತ್ತೇನೆ, ಆಸ್ಪತ್ರೆಯವರಿಗಿಂತ ನೇರವಾಗಿ ಎಳೆದಿದ್ದ. ಬಣ್ಣವೂ ಅದೇ.

"ಇಪ್ಪತ್ತೈದು ವರ್ಷ ಈ ಪೆನ್ಸಿಲು ನಂಬಿದೀನಿ. ನೀನು ಬಾಯಿ ಮುಚ್ಕೊಂಡಿರು, ಅಷ್ಟೇ" ಎಂದ. ತಿಳಿದರೆ ಅರ್ಧದಲ್ಲಿ ಇಳಿಸಿಬಿಡುತ್ತಾರೆ, ಚೀಲ ತೆಗೆಯುವುದೇ ಸರಿ ಎಂದುಬಿಡುತ್ತಾರೆ, ಇದು ಅವನ ಭಯ. ನನಗೂ ಅದೇ ಭಯ. ಮುಚ್ಚಿಕೊಂಡೇ ಹೋದೆ.

ಸೋಮವಾರ ಅವನ ಸರದಿ ಬಂತು. ಅವನು ಒಳಗೆ ಹೋದ, ನಾನು ಹೊರಗೆ ಬೆಂಚಿನಲ್ಲಿ ಕೂತೆ. ಆ ಭಾರದ ಬಾಗಿಲು ಮುಚ್ಚಿಕೊಳ್ಳುವುದನ್ನು ನೋಡಿ ನನಗೆ ಮಾಲೂರು ನೆನಪಾಯಿತು. ಬೋರ್ಡು ನೋಡದೆ ಹತ್ತಿದರೆ ಬಸ್ಸು ತಾನಾಗಿ ಕೋಲಾರಕ್ಕೆ ಹೋಗುವುದಿಲ್ಲ. ಎದ್ದು ಬಾಗಿಲಿಗೆ ಕೈ ಕೊಟ್ಟೆ. ಮೆಷಿನ್ನು ನಡೆಸುವವರು, ವಯಸ್ಸಾದ ಮನುಷ್ಯ, ಗದರಿಕೊಂಡರು.

"ಏನಮ್ಮ, ಒಳಗೆ ಬರಬಾರದು!"

"ಅಪ್ಪಾ, ಅವನ ಹೊಟ್ಟೆ ಮೇಲಿರೋ ಗೀಟು ನಿಮ್ಮದಲ್ಲ. ನಿಮ್ಮದನ್ನ ನಾನು ಸೀಗೆಕಾಯಿ ಹಾಕಿ ತೊಳೆದೆ. ಇದು ಇವನು ಟಿಕೆಟ್ ಪೆನ್ಸಿಲಲ್ಲಿ ಎಳ್ಕೊಂಡಿದ್ದು."

ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಡಾಕ್ಟರಮ್ಮನಿಗೆ ಹೇಳಿ ಕಳಿಸಿದರು. ಮೇಜಿನ ಮೇಲೆ ಮಲಗಿದ್ದ ಚಲಪತಿ ಮುಖ ಗೋಡೆಗೆ ತಿರುಗಿಸಿದ.

ಡಾಕ್ಟರಮ್ಮ ಬಂದರು. ಮೊದಲ ದಿನ ಅಳತೆಗೆ ತೆಗೆದಿದ್ದ ಫಿಲಂ ಇಟ್ಟು ಅಳೆದು ನೋಡಿದರು. ಒಂದು ಪಕ್ಕದ ಗೀಟು ಎರಡು ಬೆರಳು ಆಚೆಗಿತ್ತು. ಹಾಗೇ ಬಿಟ್ಟಿದ್ದರೆ ಗಡ್ಡೆಯಿದ್ದ ಜಾಗ ತಪ್ಪಿ ಕರುಳಿಗೆ ಬೀಳುತ್ತಿತ್ತು ಎಂದರು. ಹೊಸದಾಗಿ ಗುರುತು ಹಾಕಲು ಎರಡು ದಿನ ಹೋಯಿತು. "ನಡುವೆ ಬಿಡುವು ಕೊಡಬಾರದಮ್ಮ. ಆದ್ರೆ ನೀವು ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿದರು. ನನಗೆ ಬೈದಿದ್ದರೆ ಸಲೀಸಾಗುತ್ತಿತ್ತು.

ಆ ಎರಡು ದಿನ ಚಲಪತಿ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ಮಧ್ಯಾಹ್ನ ಛತ್ರದ ಅಂಗಳದಲ್ಲಿ ಮುದ್ದೆ ಮುರಿಯುತ್ತ ಬಾಯಿ ಬಿಟ್ಟ.

"ಚೆಕಿಂಗಲ್ಲಿ ಸಿಕ್ಕಿಬಿದ್ರೆ ಅದು ನಿನ್ನ ಸೀಗೆಕಾಯಿಂದ್ಲೇ ವದಿನಾ. ತಿಳ್ಕೊ."

"ತಿಳ್ಕೊಂಡೆ. ನೀನೂ ಒಂದು ತಿಳ್ಕೊ. ಬುಟ್ಟಿ ನೀರು ಚೆಲ್ತು ಅಂತ ಒದ್ದೆ ಸೀರೇಲಿ ಇಳಿದಿದ್ನಲ್ಲ ಕೋಲಾರದಲ್ಲಿ, ಅದು ಬುಟ್ಟಿ ನೀರಲ್ಲ."

ತುತ್ತು ಕೈಯಲ್ಲೇ ಉಳಿಯಿತು.

"ಒಂದು ಮಾತು ಹೇಳಬಾರದಾಗಿತ್ತಾ?"

"ನಾಲ್ಕು ಸಲ ಹೇಳ್ದೆ. ನೀನು ರೈಟ್ ಅಂದೆ."

ಅವನು ತಟ್ಟೆ ಸರಿಸಿ ಎದ್ದುಹೋದ. ಸಿಟ್ಟಿಗಲ್ಲ. ಅಷ್ಟು ಹೊತ್ತಿಗೆ ಅವನಿಗೆ ಅರ್ಧ ಗಂಟೆಗೊಂದು ಸಲ ಬರಲು ಶುರುವಾಗಿತ್ತು.

ಅಲ್ಲಿಂದ ಮುಂದೆ ಹೊಟ್ಟೆಯ ಮೇಲೆ ನೀರೂ ಇಲ್ಲ, ಎಣ್ಣೆಯೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಕೈಕಾಲು ಮುಖ ಒರೆಸುವುದು. ಔಷಧಿ ಹಾಕಿದ ದಿನ ವಾಂತಿ. ಒಗ್ಗರಣೆಯ ವಾಸನೆ ಬಂದರೆ ಛತ್ರದ ಗೇಟಿನ ಆಚೆ ಹೋಗಿ ನಿಲ್ಲುತ್ತಿದ್ದ. ಬೀಡಿ ಬಿಟ್ಟಿದ್ದೂ ಆಗಲೇ. ಅದು ಅವನ ದೊಡ್ಡತನವಲ್ಲ. ಬೀಡಿಯ ಹೊಗೆ ಕಂಡರೂ ಕಕ್ಕುತ್ತಿದ್ದ. ಉಚ್ಚೆಗೆ ಹೋದರೆ ಮೆಣಸಿನಕಾಯಿ ಇಟ್ಟಂತೆ ಉರಿ ಎನ್ನುತ್ತಿದ್ದ. ನಾನು ಚೊಂಬು ಚೊಂಬು ನೀರು ಕುಡಿಸುತ್ತಿದ್ದೆ. ಬಾಯಲ್ಲಿ ತಮಾಷೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ತುಟಿಯ ನೇರಳೆ ಮಾತ್ರ ಹೋಗಿ ಬೆಳ್ಳಗಾಗಿತ್ತು. ಅದನ್ನು ನೋಡಿದರೆ ಯಾರದೋ ಮುಖ ಅನ್ನಿಸುತ್ತಿತ್ತು.

ಚೆಕಿಂಗಿನ ದಿನ ಬಂತು. ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಗೋಡೆಯ ಬೋರ್ಡುಗಳನ್ನು ಒಂದೊಂದಾಗಿ ಓದಿದೆ. ಓದಿದ್ದನ್ನೇ ಮತ್ತೆ ಓದಿದೆ. ದೇವರಿಗೆ ಹರಕೆ ಹೊರಲಿಲ್ಲ. ತೊಳೆದವಳು ನಾನು, ದೇವರಿಗೆ ಯಾಕೆ ತೊಂದರೆ ಎಂದುಕೊಂಡೆ. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಬಂದರು.

"ಗಡ್ಡೆ ಕಾಣ್ತಿಲ್ಲ. ಆ ಜಾಗದಿಂದ ಒಂದು ಚೂರು ಪರೀಕ್ಷೆಗೆ ತಗೊಂಡಿದ್ದೀವಿ."

ಆ ಚೂರಿನ ಮಾತು ಬರುವುದಕ್ಕೆ ಇನ್ನೂ ನಾಲ್ಕು ದಿನ. ಅದರಲ್ಲೂ ಏನೂ ಇರಲಿಲ್ಲ. ಚಲಪತಿಗೆ ಹೇಳಿದರೆ ಅವನು ಕೇಳಿದ ಮೊದಲ ಪ್ರಶ್ನೆ, "ಹಂಗಾದ್ರೆ ಮಾವಿನ ಕಾಲಕ್ಕೆ ಬಸ್ಸು ಹತ್ತಬಹುದಾ?"

"ಹತ್ತಬಹುದು. ಆದ್ರೆ ಚೀಲ ಉಳಿದ್ರೂ ಮೊದಲಿನ ಹಾಗೆ ಹಿಡಿಯಲ್ಲ. ಬಂದಾಗ ಹೋಗ್ಲೇಬೇಕು" ಎಂದರು ಡಾಕ್ಟರಮ್ಮ.

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

ಮಿಕ್ಕ ಕರೆಂಟು, ಔಷಧಿ ಮುಗಿಸಿಕೊಂಡು ಬಂದು, ಎರಡು ತಿಂಗಳು ತಿಂದು ಮಲಗಿ ಸುಧಾರಿಸಿಕೊಂಡು, ಮಾವು ಇನ್ನೂ ಮರದಲ್ಲಿರುವಾಗಲೇ ಬಸ್ಸು ಹತ್ತಿದ. ಚರ್ಮದ ಚೀಲ ಒಂದೇ. ನಾನೂ ಬುಟ್ಟಿ ಹಿಡಿದು ಹತ್ತಿದೆ. ಶ್ರೀನಿವಾಸಪುರ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಪಕ್ಕ ಒಂದು ಮಾವಿನ ತೋಪು, ತೋಪಿನ ಅಂಚಿಗೆ ಪಾಳುಬಿದ್ದ ಪಂಪ್‌ಸೆಟ್ ಮನೆಯ ಗೋಡೆ. ಅಲ್ಲಿ ಒಂದು ಕೂಗು ಕೇಳಿತು.

"ಹೋಲ್ಡಾನ್!"

ಬಾಷಾ ಬ್ರೇಕ್ ಹಾಕಿದ ರಭಸಕ್ಕೆ ನಿಂತವರೆಲ್ಲ ಮುಂದಕ್ಕೆ ಬಿದ್ದರು. ಎಂಜಿನ್ನು ಆರಿಸಿ ಹಿಂದೆ ತಿರುಗಿ, ವರ್ಷಗಟ್ಟಲೆ ಕಾದಿದ್ದ ಮಾತು ಕೇಳಿದ.

"ಏನ್ ಚಲಪತಿ, ಟ್ಯಾಂಕಾ, ತೂತು ಬಿಂದಿಗೆನಾ?"

"ಎರಡೂ ಅಲ್ಲ ಭಾಯ್, ರಿಪೇರಿ ಆಗಿರೋ ಟ್ಯಾಂಕು" ಎಂದು ಚಲಪತಿ ಜನರ ಕಡೆ ತಿರುಗಿದ. "ಐದು ನಿಮಿಷ! ಗಂಡಸ್ರು ಮರದ ಕಡೆ, ಹೆಂಗಸ್ರು ಗೋಡೆ ಆ ಕಡೆ. ಯಾವನಾದ್ರೂ ಗೋಡೆ ಕಡೆ ತಿರುಗಿದ್ರೆ ಅವನಿಗೆ ಇಲ್ಲಿಂದ ಕೋಲಾರಕ್ಕೆ ನಡಿಗೆ."

ಗಂಡಸರು ಇಳಿದರು. ಹೆಂಗಸರು ಒಬ್ಬರೂ ಕದಲಲಿಲ್ಲ. ಎಲ್ಲರೂ ಕಿಟಕಿಯಲ್ಲಿ ಏನೋ ಇದೆಯೆಂಬಂತೆ ಆಚೆ ನೋಡುತ್ತ ಕೂತರು. ಚಲಪತಿ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ.

ನಾನು ಬುಟ್ಟಿ ಕೆಳಗಿಟ್ಟು ಎದ್ದೆ. "ನಾಚಿಕೆ ಇರೋರು ಕೂತ್ಕೊಳ್ರಮ್ಮಾ, ನನಗೆ ಬಂದಿದೆ" ಎಂದು ಇಳಿದೆ. ಗೋಡೆಯ ಹಿಂದೆ ಹೋಗಿ ಕೂತು ತಲೆಯೆತ್ತಿದರೆ ಹನ್ನೆರಡು ಜನ ನನ್ನ ಹಿಂದೆ ಬಂದಿದ್ದರು. ಗೌನಿಪಲ್ಲಿಯ ಒಬ್ಬ ಬಸುರಿ ಹುಡುಗಿ ಅಲ್ಲೇ ಗೋಡೆ ಹಿಡಿದುಕೊಂಡು, "ಅಬ್ಬಾ ವದಿನಮ್ಮಾ, ಹೋಗಿದ್ದ ಜೀವ ಬಂತು" ಎಂದಳು.

ಅವತ್ತಿನಿಂದ ಬಸ್ಸು ದಿನಾ ಅಲ್ಲಿ ನಿಂತಿತು. ತೋಪಿನ ಯಜಮಾನನನ್ನು ಕೇಳಿ, ಬೇಸಿಗೆಗೊಮ್ಮೆ ಗೋಡೆಗೆ ತೆಂಗಿನ ಗರಿಯ ತಡಿಕೆ ಕಟ್ಟುತ್ತಿದ್ದವನು ಅವನೇ. ಹೊಸಬರು ಅವಸರ ಮಾಡಿದರೆ, "ನಿಮಗೇನ್ರೀ ಗೊತ್ತು ಇದರ ಬೆಲೆ" ಎನ್ನುತ್ತಿದ್ದ. ಹೇಳಿದ ದಿನಕ್ಕೆ ತಪ್ಪದೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ. ಬಂದವನು ಹೊಸಿಲಲ್ಲೇ, "ಚೆಕಿಂಗ್ ಪಾಸು ವದಿನಾ, ಮುದ್ದೆ ಹಾಕು" ಎನ್ನುತ್ತಿದ್ದ. ತುಟಿ ಮತ್ತೆ ನೇರಳೆಯಾಯಿತು.

ಹೀಗೆ ಒಂಬತ್ತು ವರ್ಷ. ಆ ಕಾಯಿಲೆ ತಿರುಗಿ ಬರಲಿಲ್ಲ. ಹೋಗಿದ್ದು ಎದೆನೋವಿನಲ್ಲಿ, ಒಂದು ಬುಧವಾರ ಮೊದಲ ಟ್ರಿಪ್ಪು ಮುಗಿಸಿ ಜಗಲಿಯಲ್ಲಿ ಕಾಫಿ ಕುಡಿಯುವಾಗ. ಅವತ್ತು ಬೆಳಿಗ್ಗೆ ನಾನೂ ಅದೇ ಬಸ್ಸಿನಲ್ಲಿ ಹೋಗಿದ್ದೆ. ತೋಪಿನ ಹತ್ತಿರ ಎಲ್ಲರೂ ಹತ್ತಿದ ಮೇಲೂ ನಾನು ಗೋಡೆಯ ಹಿಂದಿನಿಂದ ಬರುವುದು ತಡವಾಗಿತ್ತು. ಮಂಡಿ ನೋವು. ಬಾಷಾ ಹಾರನ್ನು ಒತ್ತಿದರೆ ಚಲಪತಿ, "ತಡಿ ಭಾಯ್, ನಮ್ಮತ್ಗೆ ಇನ್ನೂ ಬಂದಿಲ್ಲ" ಎಂದು ಕೂಗಿದ್ದು ಗೋಡೆಯ ಈಚೆಗೂ ಕೇಳಿತ್ತು. ನಾನು ಹತ್ತಿ ಕೂತ ಮೇಲೆಯೇ ರೈಟ್ ಎಂದ.

ಈಗ ಬಸ್ಸೂ ಬೇರೆ, ಡ್ರೈವರೂ ಬೇರೆ. ಕಂಡಕ್ಟರ್ ಹೊಸಬ. ಅವನಿಗೆ ಚಲಪತಿ ಯಾರೆಂದು ಗೊತ್ತಿಲ್ಲ. ತೋಪಿನ ಹತ್ತಿರ ಬಂದರೆ ಅವನೂ, "ಚಲಪತಿ ಸ್ಟಾಪ್, ಐದು ನಿಮಿಷ" ಎಂದು ಕೂಗುತ್ತಾನೆ. ಅಲ್ಲಿ ಬೋರ್ಡಿಲ್ಲ, ಓದುವುದಕ್ಕೇನೂ ಇಲ್ಲ. ಬಸ್ಸು ನಿಲ್ಲುತ್ತದೆ. ನನಗೆ ಬಂದಿರಲಿ, ಬಾರದಿರಲಿ, ಇಳಿಯುತ್ತೇನೆ.